ಗಿರಿಯೇರುವ ಮುನ್ನ

೧೯೫೩ನೆಯ ಇಸವಿಯ ಮಾರ್ಚ್ ತಿಂಗಳ ಮೊದಲ ವಾರ. ಬಯಲುಸೀಮೆಯಿಂದ ನೇಪಾಳದ ರಾಜಧಾನಿ ಕಾಠ್ಮಂಡುವಿಗೆ ಆಗ ಸರಿಯಾದ ಮೋಟಾರು ರಸ್ತೆಯಿರಲಿಲ್ಲ. ಮುಂಬಯಿ ಬಂದರಿನಲ್ಲಿ ಹಡಗಿನಿಂದಿಳಿದ ಪೆಟ್ಟಿಗೆಗಳು ರೈಲಿನಲ್ಲಿ ಗಡಿಯ ರಕ್ಸೌಲ್ ಸೇರಿ, ಅಲ್ಲಿಂದ ಪುಟ್ಟ ರೈಲಿನಲ್ಲಿ ಅಮಲೇಖಗಂಜಕ್ಕೂ, ಲಾರಿಗಳಲ್ಲಿ ಭೀಮಫೇಡಿಗೂ ಸಾಗಿ, ಕಡೆಗೆ ಬೆಟ್ಟಗಳ ನೆತ್ತಿಯ ಮೇಲೆ ಹಾಯುವ ತಂತಿಹಗ್ಗಕ್ಕೆ ಜೋತುಬಿದ್ದು ಕಣಿವೆಯೊಳಕ್ಕೆ ಇಳಿದುವು. ಕರ್ನಲ್ ಜಾನ್ ಹಂಟರ ನಾಯಕತ್ವದಲ್ಲಿ ಎವರೆಸ್ಟ್ ಶಿಖರವನ್ನೇರಲು ಹೊರಟ ಬ್ರಿಟಿಷ್ ತಂಡದ ಸರಂಜಾಮು ಅದು.

ತಂಡಕ್ಕಿದ್ದ ಅವಧಿ ಅತ್ಯಲ್ಪ. ಚಳಿಗಾಲದ ಬಿರುಗಾಳಿ ತಗ್ಗಿ ಮುಂಗಾರು ಇನ್ನೂ ಮುಟ್ಟದ ಕೆಲವೇ ದಿನಗಳಲ್ಲಿ ಶಿಖರ ಕೈಗೂಡಬೇಕು. ೧೯೫೨ರಲ್ಲಿ ಸ್ವಿಸ್ ಸಾಹಸಿಗಳು ಶಿಖರಕ್ಕೆ ಸಾವಿರ ಅಡಿಗಳಷ್ಟು ಕೆಳಗಿನವರೆಗೂ ಏರಿ ಹಿಂದಿರುಗಿದ್ದರು. ೧೯೫೪ರ ಅನುಮತಿ ಆಗಲೇ ಫ್ರೆಂಚರ ಪಾಲಾಗಿತ್ತು. ಈ ಸಲ ತಪ್ಪಿದರೆ ಮತ್ತೊಂದು ಅವಕಾಶ ಎಂದಿಗೋ!

ಕಾಠ್ಮಂಡುವಿನ ಪೂರ್ವಕ್ಕಿರುವ ಪುರಾತನ ನಗರ ಭಾತಗಾಂವ್, ಅಂದರೆ ಭಕ್ತಪುರ, ಈ ಯಾತ್ರೆಯ ಹೆಬ್ಬಾಗಿಲಾಯಿತು. ಮದುವೆಮನೆಯ ಉಗ್ರಾಣವನ್ನು ನೋಡಿದವರಿಗೆ ಅಲ್ಲಿಯ ಗಡಿಬಿಡಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಡೇರೆ, ಹಗ್ಗ, ಹಿಮಗೊಡಲಿ, ಬೂಟು, ಒಲೆ, ಆಹಾರದ ಪೆಟ್ಟಿಗೆ, ಎಲ್ಲವನ್ನೂ ಪಟ್ಟಿಗೆ ಸರಿಯಾಗಿ ಎಣಿಸಿ, ತೂಗಿ, ಅರವತ್ತು ಪೌಂಡಿನ ಹೊರೆಗಳಾಗಿ ಕಟ್ಟಬೇಕಾಗಿತ್ತು. ಹಿಂದಿನ ವರ್ಷ ಸ್ವಿಸ್ಸರು ಬೆಟ್ಟದ ಮೇಲೆಯೇ ಬಿಟ್ಟುಬಂದಿದ್ದ ಆಮ್ಲಜನಕವೂ ವ್ಯರ್ಥವಾಗದಿರಲೆಂದು, ಆ ಸಿಲಿಂಡರುಗಳಿಗೆ ಹೊಂದುವ ಜೋಡಣೆಗಳನ್ನು ಸಹ ಮುಂದಾಲೋಚನೆಯಿಂದ ಮಾಡಿಸಿ ತಂದಿದ್ದರು. ಗೂರ್ಖಾ ಸೈನ್ಯದ ಅಧಿಕಾರಿಯಾಗಿದ್ದ ಚಾರ್ಲ್ಸ್ ವೈಲಿ ನೇಪಾಳಿ ಭಾಷೆಯನ್ನು ಬಲ್ಲವರು. ಕೂಲಿಗಳ ವ್ಯವಸ್ಥೆ ಅವರ ಪಾಲಿಗೆ ಬಂದಿತು. ಸುಮಾರು ೩೫೦ ಮಂದಿ ಹೊರೆಯಾಳುಗಳು ಬೇಕಾದರು. ಬೆಟ್ಟದ ಹಳ್ಳಿಗಳಲ್ಲಿ ಕಾಗದದ ನೋಟು ನಡೆಯದು. ಹಣವೆಲ್ಲ ನಾಣ್ಯವಾಗಿಯೇ ಹೋಗಬೇಕು. ಕೂಲಿಯ ಹಣವನ್ನು ಹೊರುವುದಕ್ಕೆಂದೇ ಮತ್ತಷ್ಟು ಕೂಲಿಗಳು ಬೇಕಾದುದು ಒಂದು ವಿನೋದ!

ಇಷ್ಟೆಲ್ಲ ಅಚ್ಚುಕಟ್ಟಿನ ನಡುವೆಯೂ ಒಂದು ಲೋಪ ನುಸುಳಿತು. ಡಾರ್ಜಿಲಿಂಗಿನಿಂದ ಶೆರ್ಪಾಗಳನ್ನು ಕರೆತಂದ ಸರದಾರ ತೇನ್‌ಸಿಂಗ್ ನೋರ್ಗೆ ಅದುವರೆಗೆ ಆರು ಸಲ ಎವರೆಸ್ಟ್‌ಗೆ ಹೋಗಿಬಂದವರು. ಈ ಬಾರಿ ಅವರು ಆರೋಹಿಗಳ ತಂಡದ ಸದಸ್ಯರೂ ಆಗಿದ್ದರು. ಆದರೆ ಕಾಠ್ಮಂಡುವಿನಲ್ಲಿ ಬಿಳಿಯರಿಗೆ ಬ್ರಿಟಿಷ್ ರಾಯಭಾರ ಕಚೇರಿಯ ಕೋಣೆಗಳು ದೊರೆತರೆ, ಶೆರ್ಪಾಗಳಿಗೆ ದೊರೆತುದು ಹಿಂದೆ ಕುದುರೆಲಾಯವಾಗಿದ್ದ ಮೋಟಾರುಖಾನೆಯ ಬರಿನೆಲ. ಶೌಚಕ್ಕೂ ಅನುಕೂಲವಿರಲಿಲ್ಲ. ಶೆರ್ಪಾಗಳು ಕನಲಿದರು. ತೇನ್‌ಸಿಂಗ್ ಅವರನ್ನು ಸಮಾಧಾನಪಡಿಸಿ, ತಾವೂ ಆ ರಾತ್ರಿ ಅದೇ ನೆಲದ ಮೇಲೆ ಅವರೊಡನೆ ಮಲಗಿದರು. ಮರುದಿನ ಬೆಳಗ್ಗೆ ಶೆರ್ಪಾಗಳು ಮೋಟಾರುಖಾನೆಯ ಮುಂದಿನ ದಾರಿಯನ್ನೇ ಮೂತ್ರಶಾಲೆಯಾಗಿಸಿ ತಮ್ಮ ಅಸಮಾಧಾನವನ್ನು ತೋರಿಸಿದರು! ಕಚೇರಿಯವರು ಗದರಿದರು, ಪತ್ರಿಕೆಗಳವರಿಗೆ ಸುದ್ದಿ ಮುಟ್ಟಿತು.

ಹಗ್ಗದ ಒಂದು ತುದಿಯಲ್ಲಿರುವವನ ಪ್ರಾಣ ಇನ್ನೊಂದು ತುದಿಯಲ್ಲಿರುವವನ ಕೈಯಲ್ಲಿರುವ ಕೆಲಸವದು. ಊರಿನಲ್ಲೇ ಮನಸ್ಸು ಮುರಿದರೆ ಹಿಮದ ಮೇಲೆ ಅದನ್ನು ಬೆಸೆಯುವವರು ಯಾರು? ಇಬ್ಬರ ಮಾತೂ ಬಲ್ಲ ತೇನ್‌ಸಿಂಗ್ ನಡುವೆ ನಿಂತು, ಹೊರಡುವ ಹೊತ್ತಿಗೆ ಬಿರುಕು ದೊಡ್ಡದಾಗದಂತೆ ನೋಡಿಕೊಂಡರು.

ಮಾರ್ಚ್ ೧೦ರಂದು ಮೊದಲ ಸಾಲು ಭಾತಗಾಂವ್ ಬಿಟ್ಟಿತು, ಮರುದಿನ ಎರಡನೆಯದು. ಹಣೆಗೆ ಪಟ್ಟಿಯನ್ನು ಬಿಗಿದು, ಬೆನ್ನಿಗೆ ಹೊರೆಯೇರಿಸಿಕೊಂಡು, ಬರಿಗಾಲಿನಲ್ಲೇ ಹೆಜ್ಜೆಹಾಕಿದ ಆ ಜನ ಏರಿಳಿವ ಬೆಟ್ಟಸಾಲುಗಳನ್ನೂ ನದಿಗಳನ್ನೂ ದಾಟುತ್ತ, ಎರಡು ವಾರಕ್ಕೂ ಮಿಗಿಲಾಗಿ ನಡೆದು, ಥ್ಯಾಂಗ್‌ಬೋಚೆಯ ಬೌದ್ಧ ವಿಹಾರವನ್ನು ಮುಟ್ಟಿದರು. ಬಹುಪಾಲು ಮಂದಿ ಅಲ್ಲಿಯೇ ಕೂಲಿ ಎಣಿಸಿಕೊಂಡು ಊರಿಗೆ ಮರಳಿದರು. ಅವರ ಹೆಸರುಗಳು ಜಗತ್ತಿಗೆ ತಿಳಿಯಲಿಲ್ಲ.

ಮೇ ೨೯ರಂದು, ಬೆಳಗ್ಗೆ ಹನ್ನೊಂದೂವರೆಗೆ, ನ್ಯೂಜಿಲೆಂಡಿನ ಜೇನುಸಾಕಣೆಗಾರ ಎಡ್ಮಂಡ್ ಹಿಲರಿಯವರೊಡನೆ ಲೋಕದ ಅತ್ಯುನ್ನತ ಶಿಖರದ ಮೇಲೆ ನಿಂತವರು, ಕಾಠ್ಮಂಡುವಿನಲ್ಲಿ ತಮ್ಮವರ ಜೊತೆ ಬರಿನೆಲದ ಮೇಲೆ ಮಲಗಿದ್ದ ಅದೇ ತೇನ್‌ಸಿಂಗ್.