ಸ್ವಿಟ್ಜರ್ಲೆಂಡಿಗೆ ಹೊರಡುವ ಮುನ್ನ

ಹಿಮವಂತ ಶಿಖರಗಳ ಸ್ವಿಟ್ಜರ್ಲೆಂಡನ್ನು ನಮ್ಮವರ ಮನೆಮನೆಗೂ ತಲುಪಿಸಿದ ಕೀರ್ತಿ ಹಿಂದೀ ಚಲನಚಿತ್ರಗಳದು. ಚಿತ್ರನಿರ್ಮಾಪಕ ಯಶ್ ಚೋಪ್ರಾ ಅವರ ಕಂಚಿನ ಪ್ರತಿಮೆಯೊಂದು 2016ರಿಂದ ಅಲ್ಲಿನ ಇಂಟರ್‌ಲಾಕನ್ ಪಟ್ಟಣದಲ್ಲಿ ನಿಂತಿದೆ. ಇಂದು ಮುಂಬಯಿ, ಪುಣೆಗಳ ಮಧ್ಯಮವರ್ಗದ ಸಂಸಾರಗಳೂ ವರ್ಷಗಟ್ಟಲೆ ಹಣ ಕೂಡಿಟ್ಟು, ವೃದ್ಧ ತಂದೆತಾಯಿಗಳನ್ನು ಕರೆದುಕೊಂಡು ಅಲ್ಲಿಗೆ ಹೊರಡುವುದುಂಟು. ಆ ದೇಶವು ಪ್ರವಾಸಿಗನನ್ನು ನಂಬುತ್ತದೆ. ಹೆಜ್ಜೆಹೆಜ್ಜೆಗೂ ತಡೆದು ಕೇಳುವುದಿಲ್ಲ. ಆ ಕಾರಣದಿಂದಲೇ, ತಿಳಿದು ನಡೆಯುವ ಹೊಣೆಯೆಲ್ಲ ಹೋಗುವವನ ಮೇಲೆ ಬೀಳುತ್ತದೆ.

ರಹದಾರಿ, ವೀಸಾ, ವಿಮೆ

ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರವಲ್ಲವಾದರೂ 2008ರಿಂದ ಷೆಂಗೆನ್ ವಲಯಕ್ಕೆ ಸೇರಿದೆ. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನಗಳಿಗೆ ಮೀರಿ ಈ ವಲಯದಲ್ಲಿ ತಂಗಲಾಗದು. ವೀಸಾದಲ್ಲಿ ಇದಕ್ಕಿಂತ ಕಡಮೆ ದಿನಗಳನ್ನು ನಮೂದಿಸಿದ್ದರೆ ಅದೇ ಮಿತಿ. ಹಲವು ದೇಶಗಳನ್ನು ನೋಡುವವರು, ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದಾದುದರಿಂದ, ಕೊನೆಯ 15 ದಿನಗಳವರೆಗೆ ಕಾಯುವುದು ಜಾಣತನವಲ್ಲ. ರಹದಾರಿಯು ಆ ವಲಯದಿಂದ ಹೊರಡುವ ದಿನದ ಅನಂತರವೂ ಕನಿಷ್ಠ 3 ತಿಂಗಳು ಊರ್ಜಿತವಾಗಿರಬೇಕು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ತಂದ ಹೊಸ ಪದ್ಧತಿಯಂತೆ, ಗಡಿಯಲ್ಲಿ ಬೆರಳಚ್ಚು, ಮುಖದ ಚಿತ್ರಗಳನ್ನು ದಾಖಲಿಸುತ್ತಾರೆ. ತಂಗಿದ ದಿನಗಳ ಲೆಕ್ಕವನ್ನು ಯಂತ್ರವೇ ಇಡುತ್ತದೆ.

ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಅಗ್ಗದ ವಿಮೆಯೆಂದು ಕಣ್ಣುಮುಚ್ಚಿ ಕೊಳ್ಳಬಾರದು. ಪರ್ವತದಿಂದ ಹೆಲಿಕಾಪ್ಟರಿನಲ್ಲಿ ಕೆಳಗಿಳಿಸುವ ವೆಚ್ಚವೂ, ಹಿರಿಯರ ಹಳೆಯ ಕಾಯಿಲೆಗಳ ಚಿಕಿತ್ಸೆಯೂ ಅದರಲ್ಲಿ ಅಡಕವಾಗಿವೆಯೇ ಎಂದು ಓದಿ ನೋಡಬೇಕು.

ರೈಲಿನ ಲೆಕ್ಕಾಚಾರ

ಝೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ. ಅಲ್ಲಿನ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ತಡೆಬಾಗಿಲುಗಳಿಲ್ಲ. ತಪಾಸಣೆ ಗಾಡಿಯೊಳಗೇ ನಡೆಯುತ್ತದೆ. ಯಾರೂ ಕೇಳಲಿಲ್ಲವೆಂದು ಟಿಕೇಟಿಲ್ಲದೆ ಹತ್ತಿದವರು ದಂಡ ತೆರಬೇಕಾಗುತ್ತದೆ. ದಿನವೂ ಊರಿಂದೂರಿಗೆ ಸಂಚರಿಸುವವರಿಗೆ ರೈಲು, ಬಸ್ಸು, ಸರೋವರದ ಹಡಗು ಮೂರಕ್ಕೂ ಸಲ್ಲುವ ‘ಸ್ವಿಸ್ ಟ್ರಾವೆಲ್ ಪಾಸ್’ ಲೇಸು. ಒಂದೇ ಊರಿನಲ್ಲಿ ನೆಲೆಸಿ ಆಗೀಗ ತಿರುಗುವವರಿಗೆ ಒಂದು ತಿಂಗಳ ಅರ್ಧದರದ ಕಾರ್ಡೇ ಮಿಗಿಲಾದೀತು. ರಿಗಿ ಪರ್ವತದ ರೈಲು ಪಾಸಿನಲ್ಲಿ ಸೇರಿದೆ. ಯುಂಗ್‌ಫ್ರಾಯೋಕಿನ ಕೊನೆಯ ಏರುದಾರಿಗೆ ಮಾತ್ರ ಬೇರೆ ಹಣ ತೆರಬೇಕು. ಗ್ಲೇಸಿಯರ್ ಎಕ್ಸ್‌ಪ್ರೆಸ್ಸಿನಲ್ಲಿ ಪಾಸಿದ್ದರೂ ಆಸನವನ್ನು ಪ್ರತ್ಯೇಕವಾಗಿ ಕಾದಿರಿಸತಕ್ಕದ್ದು.

ಎತ್ತರದ ಎಚ್ಚರ

ಇಂಟರ್‌ಲಾಕನ್ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. 1912ರಲ್ಲಿ ಪೂರ್ಣಗೊಂಡ ರೈಲುಮಾರ್ಗ ಮುಟ್ಟುವ ಯುಂಗ್‌ಫ್ರಾಯೋಕ್ 3,454 ಮೀಟರ್ ಎತ್ತರದ್ದು. ಯುರೋಪಿನಲ್ಲೇ ಅತ್ಯುನ್ನತ ರೈಲು ನಿಲ್ದಾಣವದು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ 2,000 ಮೀಟರನ್ನೂ ಮುಟ್ಟದೆಂಬುದನ್ನು ನೆನೆದರೆ ಇದರ ಪರಿಮಾಣ ಹೊಳೆದೀತು. ಕುಳಿತ ಆಸನದಲ್ಲೇ ಎರಡು ಗಂಟೆಯ ಆಸುಪಾಸಿನಲ್ಲಿ ಅಷ್ಟು ಮೇಲೇರುವುದರಿಂದ ದೇಹಕ್ಕೆ ಹೊಂದಿಕೊಳ್ಳಲು ವೇಳೆಯೇ ಸಿಗದು. ತಲೆನೋವು, ಉಬ್ಬಸ ತಲೆದೋರಬಹುದು. ಹೃದ್ರೋಗ, ಶ್ವಾಸಕೋಶದ ಕಾಯಿಲೆಯುಳ್ಳ ಹಿರಿಯರು ಊರಿನಲ್ಲೇ ವೈದ್ಯರನ್ನು ಕೇಳಿ ಹೊರಡಲಿ. ಮೇಲೆ ಮೆಲ್ಲಗೆ ನಡೆಯಬೇಕು. ಅಸ್ವಸ್ಥತೆ ಕಂಡೊಡನೆ ಕೆಳಗಿಳಿಯಬೇಕು. ಕೊಟ್ಟ ಹಣಕ್ಕಾಗಿ ತಾಯಿತಂದೆಯರನ್ನು ಅಲ್ಲೇ ಕೂರಿಸುವುದು ಸಲ್ಲದು. ಅಲ್ಲದೆ, ಕೆಳಗೆ ಬಿಸಿಲಿದ್ದರೂ ಮೇಲೆ ಮಂಜು ಕವಿದಿರುವುದುಂಟು. ಶಿಖರದಲ್ಲಿನ ಕ್ಯಾಮೆರಾಗಳ ನೇರ ಚಿತ್ರವನ್ನು ಬೆಳಿಗ್ಗೆ ನೋಡಿಯೇ ಟಿಕೇಟು ಕೊಳ್ಳುವುದು ಒಳ್ಳೆಯದು.

ಊಟ, ನೀರು, ಗಂಟುಮೂಟೆ

ಹಾಲು, ಮಾಂಸಗಳ ಪದಾರ್ಥಗಳನ್ನು ಭಾರತದಿಂದ ಅಲ್ಲಿಗೆ ಒಯ್ಯುವುದಕ್ಕೆ ನಿಷೇಧವಿದೆ. ಧಾರವಾಡದ ಪೇಡೆಯೂ ತುಪ್ಪದ ಡಬ್ಬಿಯೂ ಮನೆಯಲ್ಲೇ ಉಳಿಯಲಿ. ಚಟ್ನಿಪುಡಿ, ಒಗ್ಗರಣೆಯ ಅವಲಕ್ಕಿ ಜೊತೆಗಿರಲಿ. ಸಸ್ಯಾಹಾರಿಗಳು ಕೇಳಿ ತಿನ್ನುವುದು ಕ್ಷೇಮ: ಆಲೂಗಡ್ಡೆಯ ‘ರೋಸ್ಟಿ’ಯನ್ನು ಹಂದಿಯ ಕೊಬ್ಬಿನಲ್ಲಿ ಹುರಿಯುವುದುಂಟು, ತರಕಾರಿ ಸೂಪಿನಲ್ಲಿ ಮಾಂಸದ ರಸವಿರುವುದುಂಟು, ಗ್ರುಯೇರ್ ಚೀಸನ್ನು ಕರುವಿನ ಜಠರದಿಂದ ಪಡೆದ ಹೆಪ್ಪಿನಿಂದ ಮಾಡುತ್ತಾರೆ. ನಲ್ಲಿಯ ನೀರು ಶುದ್ಧ. ಬೀದಿಯ ಕಾರಂಜಿಗಳ ನೀರನ್ನೂ, ‘ಕೈನ್ ಟ್ರಿಂಕ್‌ವಾಸರ್’ ಎಂಬ ಫಲಕವಿಲ್ಲದಿದ್ದರೆ, ಕುಡಿಯಬಹುದು. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣಗಳಲ್ಲಿ ತೆರೆದಿರುತ್ತವೆ. ನಾಣ್ಯ ಸ್ವಿಸ್ ಫ್ರಾಂಕ್. ಹಲವೆಡೆ ಯೂರೋ ನಡೆದರೂ ಚಿಲ್ಲರೆ ಫ್ರಾಂಕಿನಲ್ಲೇ ಸಿಗುವುದು ವಾಡಿಕೆ. ವಿದ್ಯುತ್ತು ನಮ್ಮಂತೆ 230 ವೋಲ್ಟ್; ಪ್ಲಗ್ಗಿನ ಆಕಾರ ಬೇರೆಯಾದುದರಿಂದ ಅಡಾಪ್ಟರ್ ಬೇಕು. ಆಂಬುಲೆನ್ಸಿಗೆ 144, ಇತರ ಆಪತ್ತಿಗೆ 112 ಸಂಖ್ಯೆಗಳನ್ನು ಮನೆಮಂದಿಯೆಲ್ಲ ಬರೆದಿಟ್ಟುಕೊಳ್ಳಲಿ.

ಆಲ್ಪ್ಸ್ ಪರ್ವತದ ಕಾಲುದಾರಿಗಳಲ್ಲಿ ಹಳದಿ ಕೈಮರಗಳಿವೆ. ಅವು ಊರು ಎಷ್ಟು ದೂರವೆಂದು ಹೇಳುವುದಕ್ಕಿಂತ ಎಷ್ಟು ಹೊತ್ತಿನ ನಡಿಗೆಯೆಂದು ಹೇಳುತ್ತವೆ. ಆ ಹೊತ್ತು ತನ್ನ ಕಾಲಿಗೆ, ತನ್ನವರ ಉಸಿರಿಗೆ ಒದಗೀತೇ ಎಂದು ತೂಗಿ ನೋಡಬೇಕಾದವನು ನಡೆಯುವವನೇ. ಅಷ್ಟು ತೂಗಿ ಹೊರಟ ಸಂಸಾರಕ್ಕೆ ಆ ದೇಶದ ಸೊಬಗು ಧಾರಾಳವಾಗಿ ದಕ್ಕುತ್ತದೆ.