ಐದೇ ಅಕ್ಷರ, ಆರೇ ಅವಕಾಶ

ಬಿ-ಒ-ಯು-ಜಿ-ಎಚ್ ಅಂದರೆ ‘ಬೌ’, ಮರದ ಕೊಂಬೆ. ಮೊದಲಿನ ‘ಬಿ’ ತೆಗೆದು ‘ಸಿ’ ಇಟ್ಟರೆ ‘ಕಾಫ್’, ಕೆಮ್ಮು. ‘ಡಿ’ ಇಟ್ಟರೆ ‘ಡೋ’, ಕಲಸಿದ ಹಿಟ್ಟು. ‘ಟಿ’ ಇಟ್ಟರೆ ‘ಟಫ್’. ಎಲ್ಲವೂ ಐದಕ್ಷರದ ಪದಗಳು, ಕೊನೆಯ ನಾಲ್ಕು ಅಕ್ಷರಗಳೂ ಒಂದೇ. ಉಚ್ಚಾರ ಮಾತ್ರ ಒಂದೊಂದು ದಿಕ್ಕಿಗೆ! ಹೇಳಿದಂತೆ ಬರೆದು, ಬರೆದಂತೆ ಓದಿ ಬೆಳೆದ ಕನ್ನಡದ ಹುಡುಗ-ಹುಡುಗಿಯರಿಗೆ ಸ್ಪೆಲ್ಲಿಂಗ್ ಯಾಕೆ ತಲೆನೋವು ಎಂದು ಬೇರೆ ಹೇಳಬೇಕಿಲ್ಲ.

ಈ ತಲೆನೋವನ್ನೇ ಆಟ ಮಾಡಿ ಜಗತ್ತಿಗೆ ಹುಚ್ಚು ಹಿಡಿಸಿದ್ದು ‘ವರ್ಡ್ಲ್’. ಅಮೆರಿಕದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದ ಜೋಷ್ ವಾರ್ಡಲ್, ಪದಗಳ ಆಟ ಇಷ್ಟಪಡುತ್ತಿದ್ದ ತನ್ನ ಸಂಗಾತಿ ಪಲಕ್ ಶಾಗಾಗಿ ಇದನ್ನು ರೂಪಿಸಿದರು. ಇಂಗ್ಲಿಷಿನ ಸುಮಾರು 12,000 ಐದಕ್ಷರದ ಪದಗಳನ್ನು ಒಂದೊಂದಾಗಿ ನೋಡಿ, ಸಾಮಾನ್ಯರಿಗೆ ಗೊತ್ತಿರಬಹುದಾದ ಸುಮಾರು 2,500 ಪದಗಳನ್ನು ಆರಿಸಿಕೊಟ್ಟವರು ಪಲಕ್. 2021ರ ನವೆಂಬರ್ 1ರಂದು ಆಡಿದವರು 90 ಜನ. ಎರಡು ತಿಂಗಳಲ್ಲಿ ಆ ಸಂಖ್ಯೆ 3 ಲಕ್ಷ ದಾಟಿತು. 2022ರ ಜನವರಿ ಕೊನೆಗೆ ‘ನ್ಯೂಯಾರ್ಕ್ ಟೈಮ್ಸ್’ ಆಟವನ್ನೇ ಖರೀದಿಸಿತು.

ನಿಯಮ ಸರಳ. ಗುಪ್ತಪದವನ್ನು ಆರು ಪ್ರಯತ್ನದೊಳಗೆ ಊಹಿಸಬೇಕು. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಪದದಲ್ಲಿದ್ದೂ ಜಾಗ ತಪ್ಪಿದ್ದರೆ ಹಳದಿ, ಇಲ್ಲವೇ ಇಲ್ಲದಿದ್ದರೆ ಬೂದು.

ನಿಜವಾದ ಮಜಾ ಇರುವುದು ಸಿಕ್ಕಿಹಾಕಿಕೊಂಡಾಗ. ಎರಡು ಪ್ರಯತ್ನ ಮುಗಿದಿದೆ, ಕೊನೆಯ ನಾಲ್ಕು ಅಕ್ಷರ ‘ಎ-ಟಿ-ಸಿ-ಎಚ್’ ಹಸಿರಾಗಿದೆ ಎಂದಿಟ್ಟುಕೊಳ್ಳಿ. ಗೆದ್ದೆವು ಎನಿಸುತ್ತದೆ. ಆದರೆ ಬ್ಯಾಚ್, ಕ್ಯಾಚ್, ಹ್ಯಾಚ್, ಲ್ಯಾಚ್, ಮ್ಯಾಚ್, ಪ್ಯಾಚ್, ವಾಚ್ ಎಂದು ಏಳು ಪದಗಳು ಸಾಲಾಗಿ ನಿಂತಿವೆ. ಉಳಿದಿರುವುದು ನಾಲ್ಕೇ ಅವಕಾಶ. ಒಂದೊಂದಾಗಿ ಹಾಕುತ್ತ ಹೋದರೆ ಸೋಲಬಹುದು. ಜಾಣರು ಇಲ್ಲಿ ಉತ್ತರವಾಗಲು ಸಾಧ್ಯವೇ ಇಲ್ಲದ ‘ಕ್ಲ್ಯಾಂಪ್’ ಹಾಕುತ್ತಾರೆ. ಅದರಲ್ಲಿ ಸಿ, ಎಲ್, ಎಂ, ಪಿ ನಾಲ್ಕೂ ಇವೆ. ‘ಸಿ’ ಹಸಿರಾದರೆ ಕ್ಯಾಚ್; ಎಲ್, ಎಂ, ಪಿಗಳಲ್ಲಿ ಯಾವುದು ಹಳದಿಯಾದರೂ ಆ ಅಕ್ಷರದ ಪದ. ಇದ್ಯಾವುದೂ ಆಗದಿದ್ದರೆ ಉಳಿಯುವುದು ಮೂರು ಪದ, ಮೂರು ಅವಕಾಶ. ಗೆಲುವು ಖಚಿತ. (ಹಾರ್ಡ್ ಮೋಡ್‌ನಲ್ಲಿ ಈ ಉಪಾಯಕ್ಕೆ ಅವಕಾಶವಿಲ್ಲ, ಅಲ್ಲಿ ಅದೃಷ್ಟವೇ ಗತಿ.)

ಇದು ಬರೀ ಚಾಲಾಕಿತನವಲ್ಲ, ನಾವು ಓದುವ ಇನ್ಫರ್ಮೇಷನ್ ಥಿಯರಿಯೇ. ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ ಉತ್ತರ ಸಿಗುವಂತಿದ್ದರೆ 2,500 ಪದಗಳನ್ನು ಅರ್ಧ ಅರ್ಧ ಮಾಡುತ್ತ ಒಂದಕ್ಕೆ ತರಲು 12 ಪ್ರಶ್ನೆ ಬೇಕು. ಇಲ್ಲಿ ಐದು ಮನೆಗೆ ಮೂರು ಬಣ್ಣ, ಅಂದರೆ ಲೆಕ್ಕದ ಪ್ರಕಾರ 243 ಬಗೆಯ ಉತ್ತರ. ಆರು ಅವಕಾಶ ಸಾಕಾಗುವುದು ಅದಕ್ಕೇ. ಕ್ಲಾಡ್ ಶಾನನ್ 1948ರಲ್ಲಿ ಮಾಹಿತಿಯನ್ನು ‘ಬಿಟ್’ಗಳಲ್ಲಿ ಅಳೆಯುವ ದಾರಿ ತೋರಿಸಿದರು. ಸೆಮಿಸ್ಟರ್ ಪರೀಕ್ಷೆಗಾಗಿ ಸೂತ್ರ ಉರು ಹೊಡೆಯುವ ಮುಂಚೆ ನಾಲ್ಕು ದಿನ ಈ ಆಟ ಆಡಿದರೆ ಎಂಟ್ರೊಪಿ ಎಂದರೇನೆಂದು ತಾನಾಗೇ ಹೊಳೆಯುತ್ತದೆ.

ಆದರೆ ನನಗೆ ಇದಕ್ಕಿಂತ ದೊಡ್ಡ ಲಾಭ ಎನಿಸಿದ್ದು ಬೇರೆ. ಪದಗಳನ್ನು ಅಕ್ಷರ ಮತ್ತು ಉದ್ದದ ಲೆಕ್ಕದಲ್ಲಿ ಗುಂಪು ಮಾಡಿದಾಗ ಇಂಗ್ಲಿಷಿನ ಗುಣ ಕಾಣಿಸತೊಡಗುತ್ತದೆ. ಕರ್ವ್, ನರ್ವ್, ಸರ್ವ್, ಸಾಲ್ವ್, ವಾಲ್ವ್ ಐದೂ ಐದಕ್ಷರದವು, ಐದರ ಕೊನೆಗೂ ಬಾಯಿಗೆ ಬಾರದ ‘ಇ’. ಯಾಕೆಂದರೆ ‘ವಿ’ ಅಕ್ಷರದಲ್ಲಿ ಪದ ಮುಗಿಸುವುದು ಇಂಗ್ಲಿಷಿಗೆ ಒಗ್ಗುವುದಿಲ್ಲ. ನೈಫ್, ನಾಕ್, ನೀಲ್ ಪದಗಳ ಮೂಕ ‘ಕೆ’ ಒಂದು ಕಾಲಕ್ಕೆ ಮೂಕವಾಗಿರಲಿಲ್ಲ. ನೈಟ್, ಲೈಟ್, ರೈಟ್ ಪದಗಳ ನಡುವಿನ ‘ಜಿ-ಎಚ್’ ಕೂಡ ಅಷ್ಟೇ, ಗಂಟಲಿನಿಂದ ಬರುತ್ತಿದ್ದ ಧ್ವನಿ. ಜರ್ಮನ್ನರು ರಾತ್ರಿಯನ್ನು ಈಗಲೂ ‘ನಾಖ್ಟ್’ ಎನ್ನುತ್ತಾರೆ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದ ಮೇಲೆ ನಿಧಾನವಾಗಿ ಬರಹ ಗಟ್ಟಿಯಾಯಿತು, ಮಾತು ಬದಲಾಗುತ್ತಲೇ ಹೋಯಿತು. ಹಾಗಾಗಿ ಸ್ಪೆಲ್ಲಿಂಗ್ ಬಾರದಿರುವುದು ದಡ್ಡತನವೇನಲ್ಲ. ಅದು ಹಳೇ ಉಚ್ಚಾರದ ಪಳೆಯುಳಿಕೆ ಎಂದು ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ. ಕನ್ನಡ ಮಾಧ್ಯಮದಿಂದ ಬಂದು, ಇಂಗ್ಲಿಷಿನಲ್ಲಿ ಒಂದು ಇಮೇಲ್ ಬರೆಯಲು ಹತ್ತು ಸಲ ಅಳಿಸುವ ಗೆಳೆಯರಿಗೆ ಈ ಮಾತನ್ನು ಯಾರೂ ಹೇಳಿರುವುದಿಲ್ಲ.

ಅಮೆರಿಕನ್ ಸ್ಪೆಲ್ಲಿಂಗ್ ಬಗ್ಗೆ ಮಾತ್ರ ಎಚ್ಚರವಿರಲಿ. ನಾವು ಶಾಲೆಯಲ್ಲಿ ಕಲಿತ ‘ಹ್ಯೂಮರ್’ಗೆ ಆರಕ್ಷರ, ಅವರದಕ್ಕೆ ಐದೇ. 2022ರಲ್ಲಿ ಆ ಪದ ಉತ್ತರವಾಗಿ ಬಂದಾಗ ಬ್ರಿಟಿಷರು ಸಿಟ್ಟಾಗಿದ್ದರು.

ಈಗ ‘ಇಂಥ ಅಕ್ಷರ ಇರುವ ಐದಕ್ಷರದ ಪದಗಳು’ ಎಂದು ಹುಡುಕಿದರೆ ಸಿದ್ಧ ಪಟ್ಟಿಗಳೇ ಸಿಗುತ್ತವೆ. ಪ್ರೋಗ್ರಾಮಿಂಗ್ ಬಲ್ಲವರಿಗೆ ಅದೂ ಬೇಡ: ಒಂದು ಪದಪಟ್ಟಿ, ಗೊತ್ತಿಲ್ಲದ ಅಕ್ಷರದ ಜಾಗಕ್ಕೊಂದು ಚುಕ್ಕಿ ಇಟ್ಟ ರೆಗ್ಯುಲರ್ ಎಕ್ಸ್‌ಪ್ರೆಷನ್, ಅಷ್ಟೇ. ಆದರೆ ಆಟದ ಮಧ್ಯೆ ಪಟ್ಟಿ ತೆರೆಯುವುದು ನನಗಂತೂ ಸೇರುವುದಿಲ್ಲ. ಅರ್ಥವೇ ಗೊತ್ತಿಲ್ಲದ ಪದ ಹಾಕಿ ಗೆದ್ದರೆ ಪ್ಲೇಸ್‌ಮೆಂಟ್ ಪರೀಕ್ಷೆಯ ವರ್ಬಲ್ ವಿಭಾಗದಲ್ಲಿ ಅದು ಕೈಹಿಡಿಯುವುದಿಲ್ಲ. ಆಟ ಮುಗಿದ ಮೇಲೆ ಪಟ್ಟಿ ನೋಡಿ, ಗೊತ್ತಿಲ್ಲದ ಎರಡು ಪದಕ್ಕೆ ನಿಘಂಟು ತೆಗೆದು, ಒಂದೊಂದು ವಾಕ್ಯ ಬರೆದರೆ ಸಾಕು.

ಕಾಗದ-ಪೆನ್ನು ಇದ್ದರೆ ಈಗಲೇ ಒಂದು ಕೈ ನೋಡಿ. ‘ಒ-ಯು-ಎನ್-ಡಿ’ಯಲ್ಲಿ ಮುಗಿಯುವ, ದಿನಬಳಕೆಯ ಎಂಟು ಐದಕ್ಷರದ ಪದಗಳಿವೆ. ಅದರಲ್ಲೊಂದನ್ನು ಎರಡು ಥರ ಓದಬಹುದು, ಓದಿದಂತೆ ಅರ್ಥವೂ ಬದಲು. ಯಾವುದದು?