ಕಾಡಿಗೆ ಬೆಂಕಿ ಬಿದ್ದಾಗ ಮೊದಲು ಯಾರನ್ನು ವಿಚಾರಿಸಬೇಕು?

ನಮ್ಮ ಬಮ್ಮಿಗಟ್ಟಿ ಇರುವ ಕಲಘಟಗಿ ತಾಲೂಕು ಅರೆಮಲೆನಾಡು. ಫೆಬ್ರವರಿ ಬಂತೆಂದರೆ ತೇಗ, ಮತ್ತಿಯ ಎಲೆ ಉದುರಿ ಕಾಡಿನ ನೆಲವೆಲ್ಲ ಒಣ ತರಗು. ಬೆಂಕಿ ಬಿದ್ದರೆ ಗಾಳಿ ಬೀಸುವ ದಿಕ್ಕಿಗೇ ಓಡುತ್ತದೆ. ಏರು ಸಿಕ್ಕರೆ ಇನ್ನೂ ಜೋರು. ಅದಕ್ಕೇ ಹೊಗೆ ಕಂಡಕೂಡಲೇ 112ಕ್ಕೆ ತಿಳಿಸಿ, ಗಾಳಿಯ ಮುಂದಿರುವ ಹೊಲದ ಮನೆಗಳಿಗೆ ನಾನು ಫೋನ್ ಮಾಡುತ್ತೇನೆ. ಅಲ್ಲಿ ವಯಸ್ಸಾದವರಷ್ಟೇ ಇದ್ದರೆ ಫೋನ್ ಸಾಲದು, ಇಬ್ಬರು ಹೋಗಿ ಕರೆತರಬೇಕು. ದನದ ಕಣ್ಣಿ ಬಿಚ್ಚಿಬಿಡ್ರಿ. ಬಣವಿ ಉಳಿಸಲು ಹೋಗಿ ಹೊಗೆಯಲ್ಲಿ ಸಿಗಬ್ಯಾಡ್ರಿ.

ಆರಿತೆಂದು ಸುಮ್ಮನಾಗುವಂತಿಲ್ಲ. ಒಣ ಬೊಡ್ಡೆ ಒಳಗೊಳಗೇ ಉರಿದು ಮರುದಿನದ ಗಾಳಿಗೆ ಕಿಡಿ ಹಾರಿಸುತ್ತದೆ. ಬೆಳಿಗ್ಗೆ ಮತ್ತೊಮ್ಮೆ ಮನೆಮನೆ ವಿಚಾರಿಸಿ. ‘ಅವರ ಕಡೆ ಮಂದಿ ಅದಾರ’ ಎಂಬ ಊಹೆ ಬೇಡ. ಜನವರಿಯಲ್ಲೇ ಮನೆ, ಕೊಟ್ಟಿಗೆ, ಬಣವಿಯ ಸುತ್ತ ತರಗು ಕೆರೆದು ಬರಿನೆಲ ಮಾಡಿಟ್ಟರೆ ಅರ್ಧ ಭಯ ಕಡಿಮೆ.